ವಿಮರ್ಶಕನ ಋಣ

ಸಾಹಿತ್ಯವು ಎಳೆಯದಾಗಿರುವಾಗ ವಿಮರ್ಶಕನು ಗ್ರಂಥಕರ್ತನಿಗೆ ಪ್ರೋತ್ಸಾಹವನ್ನೀಯಬೇಕೋ, ಸತ್ಯವನ್ನು ನುಡಿಯಬೇಕೋ? ಹಿಂದೀ ಗದ್ಯದ ಬಾಲ್ಯಕಾಲದಲ್ಲಿ ಈ ಧರ್ಮಸಂಕಟವು ಬಾಲಕೃಷ್ಣ ಭಟ್ಟರಿಗೆ ಒದಗಿತು. ಅವರು 1877ರಿಂದ ಪ್ರಯಾಗದಲ್ಲಿ ‘ಹಿಂದೀ ಪ್ರದೀಪ’ವೆಂಬ ಮಾಸಪತ್ರಿಕೆಯನ್ನು ನಡೆಯಿಸುತ್ತಿದ್ದರು. ಲಾಲಾ ಶ್ರೀನಿವಾಸದಾಸರಾದರೋ 1882ರಲ್ಲಿ ‘ಪರೀಕ್ಷಾಗುರು’ವೆಂಬ ಕಾದಂಬರಿಯನ್ನು ಬರೆದು ಹೆಸರಾದವರು. ಅವರ ‘ಸಂಯೋಗಿತಾ ಸ್ವಯಂವರ’ ನಾಟಕವು ಹೊರಬಂದ ಮೇಲೆ ಭಟ್ಟರು 1886ರಲ್ಲಿ ‘ಸಚ್ಚೀ ಸಮಾಲೋಚನಾ’ ಎಂಬ ಶಿರೋನಾಮೆಯಿಂದ ಅದನ್ನು ನಿಷ್ಠುರವಾಗಿ ಪರೀಕ್ಷಿಸಿದರು. ಇತಿಹಾಸದ ಹೆಸರುಗಳನ್ನು ತಂದಮಾತ್ರಕ್ಕೆ ನಾಟಕವು ಐತಿಹಾಸಿಕವಾದೀತೇ, ಆ ಕಾಲದ ಜನರ ಮನೋಭಾವವು ಪಾತ್ರಗಳಲ್ಲಿ ಮೂಡಬೇಡವೇ ಎಂಬುದು ಅವರ ಆಕ್ಷೇಪದ ಸಾರ.

ಬರೆಯುವವರೇ ವಿರಳರಾಗಿದ್ದ ಕಾಲದಲ್ಲಿ ಇದು ಕ್ರೌರ್ಯವಲ್ಲವೇ ಎಂದು ಯಾರಾದರೂ ಕೇಳಬಹುದು. ಎಳೆಯ ಸಸಿಗೆ ಬೇಕಾದುದು ನೀರೇ ಹೊರತು ಕುಡುಗೋಲಲ್ಲವೆಂಬ ವಾದವು ತಳ್ಳಿಹಾಕತಕ್ಕುದಲ್ಲ. ಆದರೆ ಹುಸಿಹೊಗಳಿಕೆಯು ನೀರಲ್ಲ. ಅದನ್ನು ನಂಬಿದ ಗ್ರಂಥಕರ್ತನು ತನ್ನ ದೋಷವನ್ನರಿಯನು. ಅದನ್ನು ನಂಬಿ ಪುಸ್ತಕವನ್ನು ಕೊಂಡ ಓದುಗನು ಮುಂದೆ ಸತ್ಕೃತಿಯ ಪ್ರಶಂಸೆಯನ್ನೂ ಶಂಕಿಸುವನು. ಕಾರಣವಿಲ್ಲದ ನಿಂದೆಯು ದ್ವೇಷವೆನಿಸುವುದು. ಭಟ್ಟರ ನುಡಿಯಲ್ಲಿ ವ್ಯಂಗ್ಯವಿದ್ದರೂ ಅದರೊಳಗೊಂದು ಕಾರಣವಿದ್ದಿತು. ಆ ಕಾರಣವನ್ನು ಗ್ರಂಥಕರ್ತನು ಒಪ್ಪಬಹುದಾಗಿತ್ತು, ಖಂಡಿಸಲೂಬಹುದಾಗಿತ್ತು. ಹಾಗೆ ವಾದಕ್ಕೆಡೆಗೊಡುವ ಸತ್ಯವೇ ಎಳೆಯ ಸಾಹಿತ್ಯಕ್ಕೆ ನಿಜವಾದ ಪ್ರೋತ್ಸಾಹವು.