ಸೊಕ್ಕು ಯಾರದು, ಅಳತೆ ಯಾರದು?

ತನ್ನ ಶಕ್ತಿಯ ಮೇಲೆ ಅಳತೆ ಮೀರಿದ ಭರವಸೆ ಇಟ್ಟವನನ್ನು ಕುರಿತು ಕನ್ನಡದಲ್ಲಿ ಆಡುಮಾತುಗಳಿಗೆ ಬಡತನವಿಲ್ಲ. ಜಂಬ, ಸೊಕ್ಕು, ಕೊಬ್ಬು, ದಿಮಾಕು, ಪೊಗರು, ಬಡಾಯಿ - ಪಟ್ಟಿ ಬೆಳೆಯುತ್ತಲೇ ಹೋಗುತ್ತದೆ. ಇವನ್ನು ಬರಿಯ ಬೈಗುಳಗಳೆಂದು ತಳ್ಳಿಹಾಕುವಂತಿಲ್ಲ. ಒಬ್ಬನ ಆತ್ಮವಿಶ್ವಾಸ ಎಲ್ಲಿ ಮುಗಿಯುತ್ತದೆ, ಅಹಂಕಾರ ಎಲ್ಲಿ ಆರಂಭವಾಗುತ್ತದೆ, ಆ ಗೆರೆಯನ್ನು ಎಳೆಯುವ ಅಧಿಕಾರ ಯಾರದು ಎಂಬ ನೈತಿಕ ಪ್ರಶ್ನೆ ಇವುಗಳ ಬೆನ್ನಿಗೇ ಇದೆ.

'ಸೊಕ್ಕು' ಹಳಗನ್ನಡದ 'ಸೊರ್ಕು'. ಅದಕ್ಕೆ ಅಮಲು ಎಂಬ ಅರ್ಥವೂ ಇತ್ತು; ಮದವೇರಿದ ಆನೆಯನ್ನು ಸೊಕ್ಕಾನೆ ಎಂದರು. ಸಂಸ್ಕೃತದ 'ಮದ'ವೂ ಅದೇ ದಾರಿಯಲ್ಲಿ ನಡೆದ ಪದ. 'ಕೊಬ್ಬು' ಅಂತೂ ಮೈಯಲ್ಲಿ ಸೇರಿದ ನೆಣ. ಅಂದರೆ ನಮ್ಮ ಹಿರಿಯರು ಗರ್ವವನ್ನು ದೇಹದ ಒಂದು ಸ್ಥಿತಿಯಂತೆ ಕಂಡರು. ಸೊಕ್ಕು ಇಳಿಯುತ್ತದೆ, ಕೊಬ್ಬು ಕರಗುತ್ತದೆ. ಮನುಷ್ಯ ತಿದ್ದಿಕೊಳ್ಳಬಲ್ಲ ಎಂಬ ನಂಬಿಕೆ ಆ ಬೈಗುಳದಲ್ಲಿಯೂ ಉಳಿದಿತ್ತು.

ದಿಮಾಕಿನ ಕಥೆ ನಮ್ಮಂತಹ ಹೊರನಾಡ ಕನ್ನಡಿಗರಿಗೆ ಇನ್ನೂ ಸ್ವಾರಸ್ಯಕರ. ಮೂಲದಲ್ಲಿ ಅದು ಮಿದುಳು ಎಂಬರ್ಥದ ಅರಬ್ಬಿ ಪದ. ದೆಹಲಿಯಲ್ಲಿ 'ದಿಮಾಗ್' ಇದೆ ಎಂದರೆ ಬುದ್ಧಿವಂತ. ಮುಂಬಯಿ, ಪುಣೆಗಳಲ್ಲಿ ಸಮಾರಂಭ 'ದಿಮಾಖ'ದಿಂದ ನಡೆಯಿತೆಂದರೆ ವೈಭವದಿಂದ ನಡೆಯಿತೆಂದು ಅರ್ಥ. ಕನ್ನಡಕ್ಕೆ ಬಂದ ಅದೇ ಪದ ದುರಹಂಕಾರವಾಯಿತು. ಬುದ್ಧಿ, ವೈಭವ, ಗರ್ವ - ಮೂರೂ ಒಂದೇ ಬೇರಿನವು!

ಇಳಿದ ಪದ ಮತ್ತೆ ಏರುವುದೂ ಉಂಟು. ಮನೆಯಲ್ಲಿ ಹಿರಿಯರು ಗದರಿಸಲು ಬಳಸುವ 'ಪೊಗರು' 2021ರಲ್ಲಿ ತೆರೆಕಂಡ ಚಲನಚಿತ್ರವೊಂದರ ಹೆಸರಾಗಿ ನಾಯಕನಿಗೆ ಭೂಷಣವಾಯಿತು. ಬೈಗುಳವೇ ಬಿರುದಾದರೆ ಎಚ್ಚರಿಸಲು ಮಾತೆಲ್ಲಿ ಉಳಿಯಿತು ಎಂದು ಹಿರಿಯರು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದೇ.

ಆದರೆ ಎಚ್ಚರಿಕೆಯ ಮಾತು ಸದಾ ನ್ಯಾಯವಾಗಿಯೇ ಬಳಕೆಯಾಯಿತೆ? 'ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದ' ಎಂಬ ಗಾದೆ ಎಲ್ಲರಿಗೂ ಗೊತ್ತು. ಕೊಡೆ ಒಂದು ಕಾಲಕ್ಕೆ ಅರಸರ, ದೊಡ್ಡವರ ಲಾಂಛನ. ಅದನ್ನು ಹಿಡಿದ ದೊಡ್ಡವನನ್ನು ಯಾರೂ ನಗಲಿಲ್ಲ. 'ಅಲ್ಪ' ಹಿಡಿದಾಗ ಗಾದೆ ಹುಟ್ಟಿತು. ಇಂದಿಗೂ ಮೇಲಧಿಕಾರಿಯ ಖಚಿತ ಮಾತು 'ಗತ್ತು', ಜವಾನನ ಖಚಿತ ಮಾತು 'ಕೊಬ್ಬು'. ಮಗ ವಾದಿಸಿದರೆ ಚುರುಕು, ಸೊಸೆ ವಾದಿಸಿದರೆ ಸೊಕ್ಕು.

ಹಾಗಾದರೆ ನಿಜವಾದ ಸೊಕ್ಕನ್ನು ಗುರುತಿಸುವುದು ಹೇಗೆ? ಭೌತಶಾಸ್ತ್ರದ ಪ್ರಯೋಗಾಲಯ ಒಂದು ದಾರಿ ತೋರಿಸುತ್ತದೆ. ಸಾಧಾರಣ ಅಳತೆಪಟ್ಟಿಯಲ್ಲಿ ಅತಿ ಚಿಕ್ಕ ಗುರುತು 1 ಮಿಲಿಮೀಟರ್. ಅದರಿಂದ ಅಳೆದವನು ಮಿಲಿಮೀಟರಿನ ನೂರರಲ್ಲೊಂದು ಭಾಗವನ್ನೂ ಖಚಿತವಾಗಿ ಬರೆದರೆ ಅದು ಉಪಕರಣಕ್ಕಿಲ್ಲದ ಯೋಗ್ಯತೆಯನ್ನು ಹೇರಿದಂತೆ, ಅದೇ ಅತಿವಿಶ್ವಾಸ. ಆದರೆ ಕೈಯಲ್ಲಿ ವರ್ನಿಯರ್ ಕ್ಯಾಲಿಪರ್ ಇದ್ದವನು 0.1 ಮಿಲಿಮೀಟರಿನವರೆಗೆ ಹೇಳಿದರೆ ಅದು ಬಡಾಯಿಯಲ್ಲ. ಪಟ್ಟಿ ಮಾತ್ರ ಕಂಡವನಿಗೆ ಅದು ಬಡಾಯಿಯಂತೆ ಕೇಳಿಸೀತು, ಅಷ್ಟೆ.

ಆದ್ದರಿಂದ 'ಎಷ್ಟು ಸೊಕ್ಕು!' ಎನ್ನುವ ಮೊದಲು 'ಹೇಗೆ ಗೊತ್ತು?' ಎಂದು ಕೇಳುವುದು ಲೇಸು. ಶಾಂತವಾಗಿ ಆಧಾರ ತೋರಿಸಿ, ತಪ್ಪಿದ್ದರೆ ತಿದ್ದಿಕೊಳ್ಳುವವನದು ಆತ್ಮವಿಶ್ವಾಸ. ಆ ಪ್ರಶ್ನೆಗೇ ಕೆರಳುವವನದು ಸೊಕ್ಕು. ಅವನು ಕೆಳಗಿನವನಾಗಲಿ, ಮೇಲಿನವನಾಗಲಿ.

ಪರನಾಡಿನಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳಿಗೆ ಇದು ಬರಿಯ ಭಾಷಾಶಾಸ್ತ್ರವಲ್ಲ. ಸಂದರ್ಶನದ ಕೋಣೆಯಲ್ಲಿ ತಲೆತಗ್ಗಿಸಿ ಕುಳಿತವನನ್ನು ವಿನಯವಂತನೆಂದು ಯಾರೂ ಗುರುತಿಸಲಾರರು. ಮನೆಯಲ್ಲಿ ತಲೆಯೆತ್ತಿದಾಗಲೆಲ್ಲ 'ದಿಮಾಕು' ಎಂದು ಅದುಮಿ, ಹೊರಗೆ ಹೋಗಿ ಧೈರ್ಯವಾಗಿ ಮಾತಾಡೆಂದರೆ ಮಗು ಎಲ್ಲಿಂದ ತಂದೀತು? 'ಹೇಗೆ ಗೊತ್ತು?' ಎಂದು ನಾವು ಮಕ್ಕಳನ್ನು ಕೇಳೋಣ. ಅವರು ತಿರುಗಿ ನಮ್ಮನ್ನು ಕೇಳಿದಾಗ ಕೆರಳದಿರೋಣ.