ಪ್ರಶ್ನಕ್ರಮವೂ ಉತ್ತರದ ಸತ್ಯವೂ

ಉತ್ತರದ ಹೊಣೆಯು ಉತ್ತರ ಕೊಡುವವನದೇ ಹೊರತು ಪ್ರಶ್ನೆ ಕೇಳುವವನದಲ್ಲವೆಂಬುದು ಲೋಕರೂಢಿ. ಬಾಲಕರನ್ನು ಪ್ರಶ್ನಿಸುವುದನ್ನೇ ವೃತ್ತಿಯಾಗಿ ಮಾಡಿಕೊಂಡು ಬಾಳಿದ ನಾನೂ ಹಾಗೆಯೇ ನಂಬಿದ್ದೆನು. ಕಠಿನವಾದ ಪ್ರಶ್ನೆಯಿಂದ ಪರೀಕ್ಷೆಯನ್ನು ಆರಂಭಿಸಿದ ದಿವಸ ಜಾಣನೂ ತೊದಲುತ್ತಿದ್ದನು. ಸುಲಭವಾದುದರಿಂದ ಆರಂಭಿಸಿದರೆ ಮಂದನೂ ಧೈರ್ಯವಾಗಿ ಉತ್ತರ ಹೇಳುತ್ತಿದ್ದನು. ಇದನ್ನು ಕಣ್ಣಾರೆ ಕಂಡೂ, ತಪ್ಪನ್ನೆಲ್ಲಾ ಹುಡುಗರ ಮೇಲೆಯೇ ಹೊರಿಸುತ್ತಿದ್ದೆನೆಂಬುದನ್ನು ಈಗ ನಾಚಿಕೆಯಿಂದ ಒಪ್ಪಿಕೊಳ್ಳಬೇಕಾಗಿದೆ.

ಕ್ರಮವೆಂಬುದು ಅಲ್ಪವಾದ ವಿಷಯವಲ್ಲವೆಂದು ನಮ್ಮ ಮೀಮಾಂಸಕರು ಬಹು ಹಿಂದೆಯೇ ಬಲ್ಲವರಾಗಿದ್ದರು. ಅಗ್ನಿಹೋತ್ರ ಹೋಮವನ್ನು ಮೊದಲು ಹೇಳಿ ಗಂಜಿಯನ್ನು ಬೇಯಿಸುವುದನ್ನು ಆಮೇಲೆ ಹೇಳಿದ್ದರೂ, ಗಂಜಿ ಬೇಯದೆ ಹೋಮವು ನಡೆಯಲಾರದಾದುದರಿಂದ, ಅಲ್ಲಿ ಪಾಠಕ್ರಮಕ್ಕಿಂತ ಅರ್ಥಕ್ರಮವೇ ಬಲವತ್ತರವೆಂದು ಅವರು ನಿರ್ಣಯಿಸಿದರು. ಕ್ರಮವನ್ನು ಗೊತ್ತುಮಾಡತಕ್ಕದ್ದು ಪ್ರಯೋಜನವೇ ಎಂಬುದು ಇದರ ತಾತ್ಪರ್ಯ.

ಈ ಮಾತು ಜನಾಭಿಪ್ರಾಯವನ್ನು ಎಣಿಸುವವರಿಗೂ ಸಲ್ಲುವುದು. ಅಮೆರಿಕದ ಗ್ಯಾಲಪ್ ಸಂಸ್ಥೆಯವರು 2008ರಿಂದ ದಿನಕ್ಕೆ ಸುಮಾರು ಸಾವಿರ ಮಂದಿಯನ್ನು ದೂರವಾಣಿಯಲ್ಲಿ ವಿಚಾರಿಸತೊಡಗಿದರು. ಸೊನ್ನೆಯಿಂದ ಹತ್ತರವರೆಗೆ ಮೆಟ್ಟಿಲುಗಳುಳ್ಳ ಏಣಿಯೊಂದನ್ನು ಭಾವಿಸಿಕೊಂಡು, ತಮ್ಮ ಜೀವನವು ಎಷ್ಟನೆಯ ಮೆಟ್ಟಿಲಿನಲ್ಲಿದೆಯೆಂದು ಜನರು ಹೇಳಬೇಕಾಗಿತ್ತು. ಅರ್ಥಶಾಸ್ತ್ರಜ್ಞ ಆಂಗಸ್ ಡೀಟನ್ ಅವರು ಈ ಲೆಕ್ಕಗಳನ್ನು ಪರಿಶೋಧಿಸಿದಾಗ ಒಂದು ವಿಚಿತ್ರವು ಹೊರಬಿದ್ದಿತು. 2009ರ ಆರಂಭದಲ್ಲಿ ಕೆಲವರಿಗೆ ರಾಜಕೀಯದ ಪ್ರಶ್ನೆಗಳನ್ನು ಮೊದಲು ಕೇಳಿ ಆಮೇಲೆ ಏಣಿಯ ಪ್ರಶ್ನೆಯನ್ನು ಕೇಳಿದ್ದರು. ಉಳಿದವರಿಗೆ ರಾಜಕೀಯದ ಮಾತನ್ನೇ ಎತ್ತಿರಲಿಲ್ಲ. ಮೊದಲನೆಯವರು ತಮ್ಮ ಬಾಳನ್ನೇ ಕೆಳಗಿನ ಮೆಟ್ಟಿಲಿಗೆ ಇಳಿಸಿಬಿಟ್ಟರು. ಉದ್ಯೋಗ ಕಳೆದುಕೊಂಡವನು ಇಳಿಸುವುದಕ್ಕಿಂತ ಇದು ಸ್ವಲ್ಪವೇ ಕಡಮೆ! ಮುಂದೆ, ನಡುವೆ ಸ್ವಂತ ಜೀವನದ ಕಡೆಗೆ ಗಮನವನ್ನು ತಿರುಗಿಸುವ ಮಾತೊಂದನ್ನು ಸೇರಿಸಿದ ಮೇಲೆ ಈ ವ್ಯತ್ಯಾಸವು ಬಹುಮಟ್ಟಿಗೆ ಕರಗಿತು. ಇಂತಹ ಅಂಕಿಗಳನ್ನು ನಂಬಿ ಪ್ರಜೆಗಳ ಸುಖದುಃಖಗಳನ್ನು ನಿರ್ಣಯಿಸುವ ರಾಜ್ಯವು, ಇಲ್ಲದ ಸಂಕಟವನ್ನು ಕಾಣಬಹುದು. ಇದ್ದುದನ್ನು ಕಾಣದೆಯೂ ಹೋಗಬಹುದು.

ಹಾಗಾದರೆ ಜನರು ಸುಳ್ಳು ಹೇಳಿದರೆಂದು ಭಾವಿಸಬಹುದೆ? ಕೂಡದು. 1948ರಲ್ಲಿ ಅದೇ ದೇಶದಲ್ಲಿ ನಡೆದ ಇನ್ನೊಂದು ವಿಚಾರಣೆಯನ್ನು ನೋಡಿರಿ. ರಷ್ಯದ ಕಮ್ಯುನಿಸ್ಟ್ ವೃತ್ತಪತ್ರಿಕಾ ಬಾತ್ಮೀದಾರರನ್ನು ಅಮೆರಿಕದೊಳಕ್ಕೆ ಬಿಡಬೇಕೇ ಎಂದು ಮೊದಲು ಕೇಳಿದಾಗ ನೂರಕ್ಕೆ ಸುಮಾರು 37 ಮಂದಿ ಮಾತ್ರ ಒಪ್ಪಿದರು. ಅಮೆರಿಕದವರನ್ನು ರಷ್ಯದವರು ಬಿಡಬೇಕೇ ಎಂಬುದನ್ನು ಮೊದಲು ಕೇಳಿ, ಆಮೇಲೆ ಇದನ್ನು ಕೇಳಿದಾಗ ಸುಮಾರು 73 ಮಂದಿ ಒಪ್ಪಿದರು. ನಮಗೆ ಬೇಕಾದುದನ್ನು ಪರರಿಗೆ ನಿರಾಕರಿಸುವುದು ಅನ್ಯಾಯವೆಂಬ ಬುದ್ಧಿಯನ್ನು ಹಿಂದಿನ ಪ್ರಶ್ನೆಯು ಎಚ್ಚರಿಸಿತು. ಭಯವೂ ಅವರದೇ, ನ್ಯಾಯಬುದ್ಧಿಯೂ ಅವರದೇ. ಕಣಜದಲ್ಲಿನ ಧಾನ್ಯದಂತೆ ಅಭಿಪ್ರಾಯವು ಮನಸ್ಸಿನಲ್ಲಿ ಅಳೆದಿಟ್ಟು ಕಾದಿರುವುದಿಲ್ಲ. ಅಲ್ಲಿ ಮಲಗಿರುವ ಅನೇಕ ಭಾವಗಳಲ್ಲಿ ಪ್ರಶ್ನೆಯು ಯಾವುದನ್ನು ಕರೆಯುವುದೋ ಅದು ಎದ್ದು ಬರುವುದು.

ಆದಕಾರಣ ಕೇಳುವವನಿಗೂ ಒಂದು ಧರ್ಮವುಂಟು. ತನಗೆ ಇಷ್ಟವಾದ ಉತ್ತರಕ್ಕಾಗಿ ಕ್ರಮವನ್ನು ಹೂಡುವವನು, ತಾನು ಒಂದು ಅಸತ್ಯವನ್ನೂ ನುಡಿಯದೆ ಇದ್ದರೂ, ಅಸತ್ಯಕ್ಕೆ ಕರ್ತೃವಾಗುವನು. ಬಾಳಿನ ಸಂಗತಿಯನ್ನು ತಿಳಿಯುವುದೇ ಪ್ರಯೋಜನವಾದರೆ ಅದನ್ನೇ ಮೊದಲು ಕೇಳತಕ್ಕದ್ದು; ಸಂದೇಹವಿದ್ದಲ್ಲಿ ಎರಡು ಕ್ರಮಗಳಲ್ಲಿಯೂ ಕೇಳಿ, ಎರಡು ಫಲಗಳನ್ನೂ ಜನರ ಮುಂದಿಡತಕ್ಕದ್ದು.

ಅಂಕಿಗಳ ಗೊಡವೆಯಿಲ್ಲದ ನಮಗೂ ಇದರಲ್ಲಿ ಪಾಠವುಂಟು. ಮನೆಯಲ್ಲಿ ಮಗನನ್ನೋ ಸೊಸೆಯನ್ನೋ ವಿಚಾರಿಸುವಾಗ ಮೊದಲು ದೋಷವನ್ನೆತ್ತಿ, ಬಳಿಕ ಕುಶಲವನ್ನು ಕೇಳಿದರೆ ದೊರೆಯುವ ಉತ್ತರದಲ್ಲಿ ಅರ್ಧ ನಮ್ಮದೇ. ನನ್ನ ಮುಂದೆ ತೊದಲಿದ ಆ ಬಾಲಕರು ಈಗ ಎಲ್ಲಿರುವರೋ! ಅವರ ತಪ್ಪುಗಳಲ್ಲಿ ನನ್ನ ಪಾಲು ಎಷ್ಟಿತ್ತೆಂಬ ಲೆಕ್ಕವನ್ನು ನಾನು ತಡವಾಗಿ ಮಾಡುತ್ತಿರುವೆನು.