ಯಾತ್ರೆಯಲ್ಲಿ ಆಹಾರನಿಯಮ

ಪುಷ್ಯ ಬಹುಳ ಅಮಾವಾಸ್ಯೆಯಂದು ಶ್ರೀಪುರಂದರದಾಸರ ಆರಾಧನೆಗೆ ಹಂಪೆಗೂ, ಫಾಲ್ಗುಣ ಬಹುಳ ಚತುರ್ಥಿಯಂದು ಶ್ರೀವ್ಯಾಸರಾಜರ ಆರಾಧನೆಗೆ ಆನೆಗೊಂದಿಯ ನವವೃಂದಾವನಕ್ಕೂ ಹೊರಡುವ ಮಾಧ್ವ ಕುಟುಂಬಗಳು ಅನೇಕ. ಆರಾಧನೆಯ ದಿನಗಳಲ್ಲಿ ತೀರ್ಥಪ್ರಸಾದ ದೊರೆಯುವುದರಿಂದ ಊಟದ ಚಿಂತೆಯಿಲ್ಲ. ಉಳಿದ ದಿನಗಳಲ್ಲಿ ಹೊಸಪೇಟೆಯಲ್ಲಿಳಿದು, ಸುಮಾರು 13 ಕಿಲೋಮೀಟರು ದೂರದ ಹಂಪೆಯಲ್ಲಿ ಶ್ರೀಯಂತ್ರೋದ್ಧಾರಕ ಪ್ರಾಣದೇವರ ದರ್ಶನ ಪಡೆದು, ಮುಂದೆ ಸಂಡೂರಿಗೋ ಕಂಪ್ಲಿಗೋ ತೆರಳುವವರಿಗೆ ಪ್ರಶ್ನೆಯೊಂದು ಎದುರಾಗುತ್ತದೆ. ಮನೆಯಲ್ಲಿ ಪಾಲಿಸುವ ಆಹಾರನಿಯಮವನ್ನು ದಾರಿಯಲ್ಲಿ ಎಷ್ಟರಮಟ್ಟಿಗೆ ಪಾಲಿಸಬೇಕು?

ಸಸ್ಯಾಹಾರವು ಈ ಸೀಮೆಯಲ್ಲಿ ದುರ್ಲಭವೇನೂ ಅಲ್ಲ. ಹೊಸಪೇಟೆಯಲ್ಲಿ ಸಸ್ಯಾಹಾರದ ಹೋಟೆಲುಗಳುಂಟು. ರಸ್ತೆಯ ಬದಿಯಲ್ಲಿ ಮಂಡಕ್ಕಿ ಒಗ್ಗರಣೆಯೂ ಮಿರ್ಚಿಯೂ ದೊರೆಯುತ್ತವೆ. ಆದರೆ ‘ಸಸ್ಯಾಹಾರ’ವೆಂಬ ಫಲಕವು ನಮ್ಮ ನಿಯಮದ ಪೂರ್ಣ ವಿವರವನ್ನು ಹೇಳಲಾರದು. ಆ ಒಗ್ಗರಣೆಯಲ್ಲಿ ಈರುಳ್ಳಿಯಿರಬಹುದು, ಚಟ್ನಿಯಲ್ಲಿ ಬೆಳ್ಳುಳ್ಳಿಯಿರಬಹುದು. ಪೊಟ್ಟಣದ ಮೇಲಿನ ಹಸಿರು ಗುರುತು ಮಾಂಸ, ಮೀನು, ಮೊಟ್ಟೆಗಳಿಲ್ಲವೆಂದು ತಿಳಿಸುವುದೇ ಹೊರತು ಈರುಳ್ಳಿ ಬೆಳ್ಳುಳ್ಳಿಗಳ ಮಾತನ್ನೆತ್ತುವುದಿಲ್ಲ. ಭಗವಂತನಿಗೆ ನಿವೇದಿತವೋ ಅಲ್ಲವೋ ಎಂಬುದನ್ನಂತೂ ಯಾವ ಗುರುತೂ ತಿಳಿಸದು. ಆದುದರಿಂದ ವಿವೇಚನೆಯ ಭಾರ ಉಣ್ಣುವವನ ಮೇಲೆಯೇ ಉಳಿಯುತ್ತದೆ.

ಆಹಾರಶುದ್ಧಿಯಿಂದ ಅಂತಃಕರಣಶುದ್ಧಿಯೆಂದು ಉಪದೇಶಿಸುವ ಛಾಂದೋಗ್ಯೋಪನಿಷತ್ತೇ ಉಷಸ್ತಿ ಚಾಕ್ರಾಯಣನ ಕಥೆಯನ್ನೂ ಹೇಳುತ್ತದೆ. ಕುರುದೇಶದಲ್ಲಿ ಬೆಳೆ ನಾಶವಾಗಿ ಕ್ಷಾಮ ಬಂದಿತ್ತು. ಹಸಿವಿನಿಂದ ಕಂಗೆಟ್ಟ ಉಷಸ್ತಿಯು, ಕುಲ್ಮಾಷವೆಂಬ ಧಾನ್ಯವನ್ನು ತಿನ್ನುತ್ತಿದ್ದವನೊಬ್ಬನನ್ನು ಯಾಚಿಸಿದನು. ತಿನ್ನುತ್ತಿದ್ದುದರ ಹೊರತು ಬೇರೆ ಅವನಲ್ಲಿರಲಿಲ್ಲ. ಉಷಸ್ತಿಯು ಆ ಉಚ್ಛಿಷ್ಟವನ್ನೇ ಸ್ವೀಕರಿಸಿದನು. ಆದರೆ ಜೊತೆಗೆ ಕೊಟ್ಟ ನೀರನ್ನು ಉಚ್ಛಿಷ್ಟವೆಂದು ನಿರಾಕರಿಸಿದನು. ಧಾನ್ಯವೂ ಉಚ್ಛಿಷ್ಟವೇ ಅಲ್ಲವೇ ಎಂದು ದಾನಿಯು ಕೇಳಿದಾಗ, ಅದನ್ನು ತಿನ್ನದಿದ್ದರೆ ತಾನು ಬದುಕುತ್ತಿರಲಿಲ್ಲವೆಂದೂ, ನೀರಾದರೋ ಬೇಕಾದಲ್ಲಿ ದೊರೆಯುವುದೆಂದೂ ಉತ್ತರಿಸಿದನು. ಬ್ರಹ್ಮಸೂತ್ರಗಳ ಮೂರನೆಯ ಅಧ್ಯಾಯದ ನಾಲ್ಕನೆಯ ಪಾದವು ಪ್ರಾಣಾಪಾಯದಲ್ಲಿ ಮಾತ್ರ ಇಂತಹ ಅನುಮತಿಯಿದೆಯೆಂದು ನಿರ್ಣಯಿಸುತ್ತದೆ.

ಈ ಕಥೆಯ ಸಾರವಿರುವುದು ನಿರಾಕರಿಸಿದ ನೀರಿನಲ್ಲಿ. ಒಂದು ನಿಯಮವು ಅನಿವಾರ್ಯವಾಗಿ ಸಡಿಲವಾಯಿತೆಂದು ಉಷಸ್ತಿಯು ಎಲ್ಲವನ್ನೂ ಸಡಿಲಗೊಳಿಸಲಿಲ್ಲ. ವಿನಾಯಿತಿಯನ್ನು ಅವಶ್ಯಕತೆಯ ಅಳತೆಯಲ್ಲಿಯೇ ನಿಲ್ಲಿಸಿದನು. ನಮ್ಮಲ್ಲಿ ಅನೇಕರು ಇದಕ್ಕೆ ವಿರುದ್ಧವಾಗಿ ತರ್ಕಿಸುತ್ತಾರೆ: ‘ಹೇಗೂ ಹೊರಗೆ ತಿಂದದ್ದಾಯಿತು, ಇನ್ನು ನಿಯಮವೆಲ್ಲಿ?’ ಹೊಸಪೇಟೆಯಿಂದ ಸಂಡೂರಾಗಲಿ ಕಂಪ್ಲಿಯಾಗಲಿ ಸುಮಾರು 30 ಕಿಲೋಮೀಟರು. ಏಕಾದಶಿಯಂದು ಇಡೀ ದಿನ ಉಪವಾಸವಿರಬಲ್ಲ ಆರೋಗ್ಯವಂತನು ಇಷ್ಟು ದಾರಿಯಲ್ಲಿ ಊಟ ಎರಡು ಗಂಟೆ ತಡವಾಯಿತೆಂದು ಪ್ರಾಣಾಪಾಯದ ಮಾತನಾಡುವುದು ಉಚಿತವೇ? ತುಂಗಭದ್ರೆಯ ಕಾಲುವೆಗಳ ಈ ಸೀಮೆಯಲ್ಲಿ ಬಾಳೆಯ ತೋಟಗಳಿಗೆ ಕೊರತೆಯಿಲ್ಲ. ಮನೆಯಿಂದ ತಂದ ಅವಲಕ್ಕಿ, ಹುರಿಗಡಲೆ, ಬೆಲ್ಲಗಳ ಗಂಟಿನೊಡನೆ ನಾಲ್ಕು ಬಾಳೆಯಹಣ್ಣುಗಳು ಸೇರಿದರೆ ಒಂದು ಹೊತ್ತು ಸುಖವಾಗಿ ಕಳೆಯುತ್ತದೆ. ದೋಣಿಯಲ್ಲಿ ನದಿ ದಾಟಿ ನವವೃಂದಾವನಕ್ಕೆ ಹೋಗುವವರಿಗೂ ಇಂತಹ ಗಂಟು ಕೈಯಲ್ಲಿರುವುದು ಲೇಸು.

ಆದರೆ ಇದೇ ಅಳತೆಯನ್ನು ಎಲ್ಲರಿಗೂ ಹೇರಲಾಗದು. ಮಗುವಿಗೆ, ಗರ್ಭಿಣಿಗೆ, ಹೊತ್ತಿಗೆ ಸರಿಯಾಗಿ ಉಣ್ಣಲೇಬೇಕಾದ ಮಧುಮೇಹಿಗೆ ಅವಶ್ಯಕತೆಯು ಬೇಗನೆ ಬರುತ್ತದೆ. ಅವರಿಗೆ ಶುಚಿಯಾದ ಹೋಟೆಲಿನಲ್ಲಿ ಅನ್ನ ಮೊಸರು ಕೊಡಿಸುವುದು ಧರ್ಮಕ್ಕೆ ಲೋಪವಲ್ಲ. ಕೊಡಿಸದೆ ಬಳಲಿಸುವುದೇ ಲೋಪ. ಇನ್ನೊಂದು ಮಾತನ್ನೂ ಗೃಹಸ್ಥರು ಯೋಚಿಸಬೇಕು. ಯಜಮಾನನ ನಿಯಮಕ್ಕಾಗಿ ಮನೆಯ ಹೆಂಗಸರು ನಡುರಾತ್ರಿಯಲ್ಲೆದ್ದು ಮಡಿಯಲ್ಲಿ ಬುತ್ತಿ ಕಟ್ಟಿ, ತಂಗಿದಲ್ಲೆಲ್ಲ ಒಲೆ ಹೂಡಿ, ದೇವರ ದರ್ಶನಕ್ಕೂ ಬಿಡುವಿಲ್ಲದೆ ದಣಿಯುವುದಾದರೆ ಆ ನಿಯಮವನ್ನು ನಡೆಸಿದವರು ಯಾರು? ತನ್ನ ವ್ರತದ ಭಾರವನ್ನು ತಾನೇ ಹೊರಬೇಕು; ಹಣ್ಣಿನಿಂದ ತೃಪ್ತನಾಗುವುದನ್ನು ಮೊದಲು ಅವನು ಕಲಿಯಬೇಕು.

ಈಚೆಗೆ ನಮ್ಮ ಮನೆಗಳ ಕೆಲವು ತರುಣರು ಗೋವಿಗಾಗುವ ಹಿಂಸೆಯನ್ನು ಕಾರಣವಾಗಿಟ್ಟು ಹಾಲು, ಮೊಸರು, ತುಪ್ಪಗಳನ್ನೂ ಬಿಡುತ್ತಿದ್ದಾರೆ. ಇಂತಹ ಆಹಾರಕ್ಕೆ ಭಾರತ ಸರಕಾರವು 2022ರಲ್ಲಿ ಪ್ರತ್ಯೇಕ ನಿಬಂಧನೆಗಳನ್ನು ರೂಪಿಸಿದೆ. ಹಿರಿಯರು ಇದನ್ನು ಹಾಸ್ಯಮಾಡುವುದು ಸರಿಯಲ್ಲ. ಚಾತುರ್ಮಾಸ್ಯದಲ್ಲಿ ಒಂದು ತಿಂಗಳು ಮೊಸರನ್ನೂ ಮತ್ತೊಂದು ತಿಂಗಳು ಹಾಲನ್ನೂ ವರ್ಜಿಸುವ ಅಡುಗೆಮನೆಗಳು ನಮ್ಮವು. ವ್ರತದ ಉದ್ದೇಶ ಬೇರೆಯಾದರೂ ತ್ಯಾಗದ ಅಭ್ಯಾಸ ನಮಗೆ ಹೊಸದಲ್ಲ. ಯಜ್ಞದಲ್ಲಿಯೂ ಪಶುವಿನ ಸ್ಥಾನದಲ್ಲಿ ಪಿಷ್ಟಪಶುವನ್ನು ಅಂಗೀಕರಿಸಿದ ಶ್ರೀಮದಾಚಾರ್ಯರ ಪರಂಪರೆಯವರು ಅಹಿಂಸೆಯ ಪ್ರಶ್ನೆಯನ್ನು ಸಮಾಧಾನದಿಂದ ಕೇಳಬೇಕು. ತರುಣರೂ ಸಹ, ಪಂಚಾಮೃತವನ್ನು ಭಕ್ತಿಯಿಂದ ಸ್ವೀಕರಿಸುವ ಹಿರಿಯರನ್ನು ಹಿಂಸಕರೆಂದು ಜರೆಯಬಾರದು.

ಕಟ್ಟಕಡೆಗೆ ಅತ್ಯಂತ ಸೂಕ್ಷ್ಮವಾದ ದೋಷವೊಂದುಂಟು. ಅದು ನಾಲಗೆಯಿಂದ ಒಳಹೋಗುವುದಿಲ್ಲ, ನಾಲಗೆಯಿಂದ ಹೊರಬರುತ್ತದೆ. ಹೋಟೆಲಿನ ಹುಡುಗನನ್ನು ಗದರಿಸುವುದು, ಪ್ರೀತಿಯಿಂದ ಊಟಕ್ಕೆ ಕರೆದ ಸಹಪ್ರಯಾಣಿಕನ ಮುಂದೆ ಮುಖ ಸಿಂಡರಿಸುವುದು, ಇವು ಆಹಾರಶುದ್ಧಿಯ ಫಲವನ್ನು ಅಲ್ಲಿಯೇ ಕಳೆಯುತ್ತವೆ. ಉಷಸ್ತಿಯು ನೀರನ್ನು ನಿರಾಕರಿಸಿದನು, ಕೊಟ್ಟವನನ್ನು ಹೀಗಳೆಯಲಿಲ್ಲ. ಅಪಾರ ಸಂಪತ್ತನ್ನು ತ್ಯಜಿಸಿದ ಶ್ರೀಪುರಂದರದಾಸರು ಇದೇ ಹಂಪೆಯ ಬೀದಿಗಳಲ್ಲಿ ಮನೆಮನೆಯ ಮುಂದೆ ನಿಂತು ಮಧುಕರವೃತ್ತಿಯಿಂದ ಜೀವಿಸಿದರು. ಅನ್ನವನ್ನು ಕೈಯೊಡ್ಡಿ ಪಡೆದವರಿಗೆ ಅನ್ನದಾತನ ಬೆಲೆ ತಿಳಿದಿತ್ತು.

ಆದುದರಿಂದ ಯಾತ್ರಿಕನು ಬೇಕಾದುದನ್ನು ವಿನಯದಿಂದ ಕೇಳಲಿ, ಸಲ್ಲದುದನ್ನು ವಿನಯದಿಂದಲೇ ಬಿಡಲಿ. ದೊರೆತುದು ಒಂದೇ ಹಣ್ಣಾದರೂ ಮೊದಲು ಅದನ್ನು ಮನಸ್ಸಿನಲ್ಲಿ ಮುಖ್ಯಪ್ರಾಣಾಂತರ್ಗತನಾದ ಶ್ರೀಹರಿಗೆ ನಿವೇದಿಸಲಿ. ಭಕ್ತಿಯಿಂದ ಕೊಟ್ಟ ಎಲೆ, ಹೂವು, ಹಣ್ಣು, ನೀರುಗಳನ್ನು ತಾನು ಸ್ವೀಕರಿಸುವೆನೆಂದು ಗೀತೆಯಲ್ಲಿ ಅಭಯವಿತ್ತಿರುವ ಸ್ವಾಮಿಯು ದಾರಿಯ ಬದಿಯ ಮರದ ನೆರಳಿನಲ್ಲಿಯೂ ಇದ್ದಾನೆ.

॥ ಶ್ರೀಕೃಷ್ಣಾರ್ಪಣಮಸ್ತು ॥